ಬಿಂಬುಳಿ ಮರವನ್ನೂ ತಿಕ್ಕಿದವರು

ಹಿತ್ತಾಳೆ ಕಾರ್ಖಾನೆಯ ಹೆಂಗಸರಿಗೆ ಕೈ ಸುಮ್ಮನಿರದು. ಬಾಗಿಲ ಹಿಡಿ, ನಲ್ಲಿ, ಬೀಗ, ಕಪ್ಪಾಗಿ ಬಂದದ್ದೆಲ್ಲ ಕನ್ನಡಿಯಾಗಿ ಹೋಗಬೇಕು. ಹಿತ್ತಲ ಬಿಂಬುಳಿ ಮರದ ಒಂದು ಕಾಯಿ ಉಪ್ಪು ಹಚ್ಚಿ ಬಾಯಿಗೆ, ಸೀಳಿದ ಇನ್ನೊಂದು ಹಿತ್ತಾಳೆಗೆ. ಆ ಹುಳಿಗೆ ಎಂಥ ಕಿಲುಬೂ ಬಾಲ ಮುದುರುತ್ತಿತ್ತು.

ದೊಡ್ಡ ಗಿರಾಕಿ ಬರುತ್ತಾನೆಂದು ಕಾರ್ಖಾನೆ ತೊಳೆದಾಗ ಮರವನ್ನೂ ಬಿಡಲಿಲ್ಲ. ನಾರು ಹಿಡಿದು ಕಾಂಡದ ಗಂಟು ಗುಳ್ಳೆಗಳನ್ನೆಲ್ಲ ತಿಕ್ಕಿ ನುಣ್ಣಗೆ ಮಾಡಿದರು. ಬಿಂಬುಳಿ ಹೂ ಬಿಡುವುದೇ ಆ ಗಂಟುಗಳಲ್ಲಿ! ಕಾಯಿಯ ಕಾಲ ಬಂತು, ಕಾಂಡ ಬೋಳು.

ಹುಳಿಯ ಬದಲಿಗೆ ಕಾರ್ಖಾನೆಯ ಯಜಮಾನ ಆಸಿಡ್ ಡಬ್ಬ ತರಿಸಿದ. ಅತ್ತೆಯ ಜೊತೆ ಅಲ್ಲೇ ದುಡಿಯುತ್ತಿದ್ದ ಕಿರಿಸೊಸೆಯ ಬೆರಳು ಸುಲಿದು ಕೆಂಪಾದವು. ಮಗುವಿನ ಅಂಗಿಗೆ ಗುಂಡಿ ಹಾಕಲಾರಳು. ಇನ್ನೆಷ್ಟು ದಿನ ಆ ಕೈ ಕೈಯಾಗಿ ಉಳಿದೀತು?

"ಈ ಡಬ್ಬ ತೆಗೀರಿ," ಅಂದಳು ಅವಳ ಅತ್ತೆ, ಎಲ್ಲರ ಬಾಯಲ್ಲೂ ಜೋರತ್ತೆ.

"ಮರ ಬೋಳಿಸಿದ್ದು ನೀವು," ಯಜಮಾನ ನಕ್ಕ. "ಕೆಟ್ಟ ಮೇಲೆ ಬುದ್ಧಿ ಬಂತಾ?"

ಹೆಂಗಸರ ತಲೆ ತಗ್ಗಿತು. ದುಡಿಯುವವರ ಒಂದು ತಪ್ಪು ಸಿಕ್ಕಿದರೆ ಯಜಮಾನರಿಗೆ ಬೇರೆ ಲಗಾಮು ಬೇಕಿಲ್ಲ.

ಜೋರತ್ತೆಯ ತಲೆ ಮಾತ್ರ ತಗ್ಗಲಿಲ್ಲ. "ಹೌದು, ತಿಕ್ಕಿದ್ದು ನಾವೇ. ಕೈಗೆ ಮರ ಸಿಕ್ತು, ತಿಕ್ಕಿದ್ವಿ. ನಿಮ್ಮ ತಲೆ ಸಿಕ್ಕಿದ್ರೆ ಅದನ್ನೂ ತಿಕ್ತಿದ್ವಿ, ಹೇಗೂ ಅರ್ಧ ಕೆಲಸ ಆಗಿದೆ. ಆದ್ರೆ ಆ ತಪ್ಪು ಮರಕ್ಕೆ ಮಾಡಿದ್ದು. ಅದನ್ನ ತೋರಿಸಿ ನಮ್ಮ ಚರ್ಮ ಸುಲಿಯೋ ಹಕ್ಕು ನಿಮಗೆಲ್ಲಿಂದ ಬಂತು?"

ಯಾರೋ ಕಿಸಕ್ಕೆಂದರು.

"ಸಂಜೆ ಮಾಲು ಹೋಗ್ಬೇಕು. ಹೊಳಪು ಎಲ್ಲಿಂದ ತರ್ತೀಯ?"

"ಬೀದಿ ಕೊನೆ ದರ್ಜಿ ಮನೆ ಅಂಗಳದಲ್ಲಿ ಬಿಂಬುಳಿ ಬಿದ್ದು ಕೊಳೀತಿದೆ. ಹೋಗಿ ಕೇಳಿ."

"ನಾನು? ಕಾಯಿ ಬೇಡೋಕೆ?"

"ಬೇಡ್ವಾ? ಸರಿ, ಇದರಲ್ಲಿ ಕೈ ಅದ್ದಿ." ಆಸಿಡ್ ಬಟ್ಟಲನ್ನು ಅವನ ಮುಂದೆ ತಳ್ಳಿದಳು. "ಮೊದಲ ಬೀಗ ನೀವು ಉಜ್ಜಿ. ಆಮೇಲೆ ನಾವು."

ಯಜಮಾನನ ಕೈ ಜೇಬಿನಿಂದ ಹೊರಬರಲಿಲ್ಲ.

ಕಿರಿಸೊಸೆಯ ಕೈ ಅಭ್ಯಾಸಬಲದಿಂದ ಬಟ್ಟಲಿನತ್ತ ಹೊರಟಿತ್ತು. ಅವಳು ಜೇಬಿನ ಆ ಕೈ ನೋಡಿದಳು, ತನ್ನದನ್ನು ಹಿಂದಕ್ಕೆಳೆದುಕೊಂಡಳು. ಉಜ್ಜುವ ಅರಿವೆ ಮಡಚಿ ಪಕ್ಕಕ್ಕಿಟ್ಟಳು. ಪಕ್ಕದವಳೂ ಇಟ್ಟಳು. ಆಮೇಲೆ ಎಲ್ಲರೂ. ಮೂಲೆಯ ಹೊಳಪಿನ ಯಂತ್ರವನ್ನೂ ಯಾರೋ ಆರಿಸಿದರು, ಅದು ಗುರ್ರೆಂದು ನಿಂತಿತು.

ಯಜಮಾನ ಗಡಿಯಾರ ನೋಡಿದ, ಕಪ್ಪು ಬೀಗಗಳ ರಾಶಿ ನೋಡಿದ, ಗೊಣಗಿದ. ಕೊನೆಗೆ ಚೀಲ ಹಿಡಿದು ಬೀದಿಗಿಳಿದ.

"ಎಳೇದು ಬೇಡ, ಯಜಮಾನ್ರೇ," ಜೋರತ್ತೆ ಬಾಗಿಲಿಂದ ಕೂಗಿದಳು, "ಬಲಿತದ್ದೇ ಆರಿಸಿ ತನ್ನಿ!"