ಡಬ್ಲಿನ್‌ಗೆ ಬೇರೆ ವೀಸಾ

ಇಲ್ಲಿ ಅಮೆರಿಕದಲ್ಲಿ ನಮ್ಮವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ: "ಗ್ರೀನ್ ಕಾರ್ಡ್ ಇದೆಯಲ್ಲ, ಎಲ್ಲಿಗೆ ಬೇಕಾದರೂ ಹೋಗಬಹುದು." ಕ್ಯಾಲಿಫೋರ್ನಿಯಾದ ಟೊರೆನ್ಸಿನ ಅಣ್ಣಾಸಾಹೇಬರೂ ಹಾಗೇ ನಂಬಿದ್ದರು.

ಅವರದು ಇಂಜಿನಿಯರ್ ಕೆಲಸ. ಅಕ್ಕ ಶಿವಕ್ಕ ಐರ್ಲೆಂಡಿನ ಡಬ್ಲಿನ್‌ನಲ್ಲಿ ಮಗನ ಜೊತೆ ಇದ್ದರು. ತಾಯಿಯಿಲ್ಲದ ತಮ್ಮನನ್ನು ಸಾಕಿ ಬೆಳೆಸಿದವರು ಆಕೆ. ಆ ಬೇಸಿಗೆಯಲ್ಲಿ ಶಿವಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಹೆಚ್ಚು ಕಾಲವಿಲ್ಲ ಎಂದರು ಡಾಕ್ಟರು. ಆಫೀಸಿನ ಕೆಲಸವೊಂದನ್ನು ಮುಗಿಸಿ ಹೊರಡೋಣವೆಂದು ಅಣ್ಣಾಸಾಹೇಬರು ಮುಂದಿನ ತಿಂಗಳಿಗೆ ಟಿಕೆಟ್ ಬುಕ್ ಮಾಡಿದರು. ತಮಗೆ, ಹೆಂಡತಿ ವೈಶಾಲಿಗೆ, ಇಲ್ಲೇ ಹುಟ್ಟಿ ಈಗ ಕಾಲೇಜು ಓದುತ್ತಿರುವ ಮಗಳು ನಿಕಿತಾಗೆ.

ಆ ವಾರ ಸ್ಯಾನ್ ಡಿಯೇಗೊದ ಫೋರ್ ಎಸ್ ರ್ಯಾಂಚ್ ಬಡಾವಣೆಯಿಂದ ವೈಶಾಲಿಯ ಗೆಳತಿ ಶಾಮಲಾ ಊಟಕ್ಕೆ ಬಂದಿದ್ದರು.

"ವೀಸಾ ಆಯ್ತಾ?" ಎಂದು ಕೇಳಿದರು.

"ವೀಸಾ ಅದ ಅಲ್ರೀ. ಹೋದ ವರ್ಷ ಇಟಲಿಗೆ ಹೋಗಾಕ ಮಾಡಿಸಿದ್ದು ಇನ್ನೂ ನಡೀತದ," ಎಂದರು ಅಣ್ಣಾಸಾಹೇಬರು.

"ಅದು ಷೆಂಗೆನ್ ವೀಸಾ, ಯುರೋಪಿನ ಕೆಲವು ದೇಶಗಳಿಗೆ ಒಟ್ಟಿಗೆ ಕೊಡೋದು. ಅದ್ರಲ್ಲಿ ಐರ್ಲೆಂಡ್ ಸೇರಿಲ್ಲ. ನಮ್ಮದು ಇಂಡಿಯನ್ ಪಾಸ್‌ಪೋರ್ಟ್, ಐರ್ಲೆಂಡ್‌ಗೆ ಅಂತಾನೇ ಬೇರೆ ಅಪ್ಲೈ ಮಾಡ್ಬೇಕು. ಅಲ್ಲಿರೋ ನಮ್ಮ ತಂಗಿ ಮನೆಗೆ ಹೋಗೋವಾಗ ನನಗೆ ವಾರಗಟ್ಟಲೆ ಹಿಡೀತು."

"ಅಲ್ಲೂ ಯೂರೋನ ನಡೀತದ. ಯುರೋಪ್ ಅಂದಮ್ಯಾಲೆ ಯುರೋಪ್. ಮ್ಯಾಲೆ ಗ್ರೀನ್ ಕಾರ್ಡ್ ಬ್ಯಾರೆ ಅದ."

"ಗ್ರೀನ್ ಕಾರ್ಡ್ ಇಲ್ಲಿಗೆ ವಾಪಸ್ ಬರೋಕೆ. ಅವರು ನೋಡೋದು ಪಾಸ್‌ಪೋರ್ಟ್. ಅವರ ಸರ್ಕಾರದ ವೆಬ್‌ಸೈಟಲ್ಲೇ ಇದೆ, ಒಂದ್ಸಲ ನೋಡಿ. ಆಸ್ಪತ್ರೆ ಲೆಟರ್ ಇಟ್ಟು ಇವತ್ತೇ ಅಪ್ಲೈ ಮಾಡಿ."

"ನೋಡೂಣು, ನೋಡೂಣು," ಎಂದು ಅಣ್ಣಾಸಾಹೇಬರು ಮಾತು ತಿರುಗಿಸಿದರು. ನೋಡಲಿಲ್ಲ. ವೈಶಾಲಿ ನೆನಪಿಸಿದಾಗ ರೇಗಿದರು.

ಹೊರಡುವ ದಿನ ಲಾಸ್ ಏಂಜಲೀಸ್ ಏರ್‌ಪೋರ್ಟಿನ ಕೌಂಟರ್‌ನಲ್ಲಿ ಕೂತ ಹೆಂಗಸು ಪಾಸ್‌ಪೋರ್ಟಿನ ಹಾಳೆಗಳನ್ನು ತಿರುವಿದಳು. ಮತ್ತೆ ತಿರುವಿದಳು. ಐರ್ಲೆಂಡ್ ವೀಸಾ ಎಲ್ಲಿ ಎಂದು ಕೇಳಿದಳು. ಅಣ್ಣಾಸಾಹೇಬರು ಇಟಲಿಯದನ್ನು ತೋರಿಸಿದರು, ಗ್ರೀನ್ ಕಾರ್ಡ್ ತೋರಿಸಿದರು, ಅಕ್ಕನ ಸ್ಥಿತಿ ಹೇಳಿಕೊಂಡರು. ಆಕೆ ಮೇಲಿನವರನ್ನು ಕರೆಸಿದಳು. ಅವರೂ ತಲೆ ಅಲ್ಲಾಡಿಸಿದರು. ಅಮೆರಿಕನ್ ಪಾಸ್‌ಪೋರ್ಟ್ ಇದ್ದ ನಿಕಿತಾಗೆ ಮಾತ್ರ ಬೋರ್ಡಿಂಗ್ ಪಾಸ್ ಸಿಕ್ಕಿತು.

"ಅಪ್ಪಾ, ಐ ಕ್ಯಾನ್ ಗೋ. ಶುಡ್ ಐ?" ಎಂದಳು ನಿಕಿತಾ.

ಅಣ್ಣಾಸಾಹೇಬರು ಇನ್ನೂ ಕೌಂಟರಿನವರ ಹತ್ತಿರ ಗೋಗರೆಯುತ್ತಿದ್ದರು. "ಹೋಗವ್ವಾ. ನಮ್ಮ ಕಡಿಯಿಂದ ನೀನರ ಹೋಗು," ಎಂದು ವೈಶಾಲಿ ಶಿವಕ್ಕನಿಗೆಂದು ಕಟ್ಟಿದ್ದ ಚೀಲವನ್ನು ಮಗಳ ಕೈಗೆ ಕೊಟ್ಟರು.

ಮನೆಗೆ ಬಂದವರೇ ಗಂಡ ಹೆಂಡತಿ ಅರ್ಜಿ ಹಾಕಿ, ಪಾಸ್‌ಪೋರ್ಟ್ ಕಳಿಸಿ ಕಾದರು.

ನಿಕಿತಾ ಆಸ್ಪತ್ರೆಯಿಂದ ವಿಡಿಯೋ ಕಾಲ್ ಮಾಡಿದಳು. ಶಿವಕ್ಕನಿಗೆ ಫೋನಿನಲ್ಲಿ ತಮ್ಮನ ಮುಖ ಗುರುತು ಹತ್ತಲಿಲ್ಲ.

"ನಮ್ಮ ಅಣ್ಯಾ ಎಲ್ಲಿ?" ಎಂದು ನಿಕಿತಾಳನ್ನು ಕೇಳಿದರು.

ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ತಡವರಿಸುತ್ತ ಕನ್ನಡದಲ್ಲಿ ಹೇಳಿದಳು: "ನಾಳೆ ಬರ್ತಾರ, ಅತ್ತಿ."

"ಎಷ್ಟೊತ್ತಿಗೆ? ಅವಗ ಹಸಿವಿ ತಡಿಯೂದಿಲ್ಲ. ಏನರ ಮಾಡಿಡ್ರಿ."

ಅಣ್ಣಾಸಾಹೇಬರು ಫೋನನ್ನು ಹೆಂಡತಿಯ ಕೈಗಿಟ್ಟು ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಅದೇ ವಾರ ಶಿವಕ್ಕ ತೀರಿಕೊಂಡರು. ವೀಸಾ ಇನ್ನೂ ಬಂದಿರಲಿಲ್ಲ.

ಶಾಮಲಾ ಮಾತಾಡಿಸಲು ಬಂದರು. ಹಳೆಯ ಮಾತು ಎತ್ತಲಿಲ್ಲ. ಎತ್ತಿದವರು ಅಣ್ಣಾಸಾಹೇಬರೇ.

"ನೀವು ಹೇಳಿದ್ರಿ. ನಾ ಕಿವಿಮ್ಯಾಲೆ ಹಾಕ್ಕೊಳ್ಳಲಿಲ್ಲ. ನಿಮ್ಮ ಕನ್ನಡ ಸಂಘದಾಗ ಎಲ್ಲಾರಿಗೂ ಹೇಳ್ರಿ. ನನ್ನ ಹೆಸರು ಹಿಡದ ಹೇಳ್ರಿ."

ವೈಶಾಲಿಯ ತಮ್ಮ ಲಂಡನ್ನಿನಲ್ಲಿದ್ದಾನೆ. "ಲಂಡನ್ನಿಗೂ ಬ್ಯಾರೇನ ಏನ್ರೀ?" ಎಂದು ವೈಶಾಲಿ ಮೆಲ್ಲಗೆ ಕೇಳಿದರು.

"ಹೌದು ವೈಶಾಲಿ, ಅದೂ ಬೇರೆ. ಅವರ ಸರ್ಕಾರದ ವೆಬ್‌ಸೈಟಲ್ಲಿ ಏನೇನು ಬೇಕು ನೋಡೋಣ, ಲ್ಯಾಪ್‌ಟಾಪ್ ತಗೊಂಡ್ಬನ್ನಿ."

ಅಣ್ಣಾಸಾಹೇಬರೇ ಎದ್ದುಹೋಗಿ ಲ್ಯಾಪ್‌ಟಾಪ್ ತಂದು ಶಾಮಲಾ ಪಕ್ಕ ಕೂತರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮವರು ಯಾರಾದರೂ ಯುರೋಪಿನಲ್ಲಿದ್ದಾರೆಯೇ? ಒಂದು ದೇಶದ ವೀಸಾ ಇದ್ದ ಮಾತ್ರಕ್ಕೆ ಪಕ್ಕದ ದೇಶದ ಬಾಗಿಲು ತೆರೆಯುತ್ತದೆ ಎಂದುಕೊಳ್ಳಬೇಡಿ. ಹೋಗುವ ದೇಶಕ್ಕೂ, ನಡುವೆ ವಿಮಾನ ಬದಲಿಸುವ ದೇಶಕ್ಕೂ ಏನು ಬೇಕೆಂದು ಆಯಾ ಸರ್ಕಾರದ ವೆಬ್‌ಸೈಟಿನಲ್ಲೇ ಓದಿ. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ಮತ್ತೊಮ್ಮೆ ನೋಡಿ. ಒಂದೇ ಮನೆಯಲ್ಲಿ ಮಕ್ಕಳದೊಂದು ಪಾಸ್‌ಪೋರ್ಟ್, ನಿಮ್ಮದೊಂದು ಇರಬಹುದು. ಒಬ್ಬೊಬ್ಬರದೂ ಬೇರೆ ಲೆಕ್ಕ. ಟಿಕೆಟ್ ಆಮೇಲೆ ತೆಗೆದುಕೊಳ್ಳಿ. ಅಲ್ಲಿ ನಿಮ್ಮ ದಾರಿ ಕಾಯುವವರು ಇರುವಾಗಲೇ, ಇವತ್ತೇ, ನೋಡಿ.