ಎರಡು ಗುಟುಕು

"ಅವ್ವಾ, ಇನ್ನೊಂದ ಗುಟುಕ ನೀರ ಕೊಡ," ಎಂದಳು ತ್ರಿಶಲಾ.

ಸೀತಾಬಾಯಿ ತಂಬಿಗೆಯನ್ನು ಬಾಗಿಲಾಚೆ ಸರಿಸಿದಳು. ಚೊಚ್ಚಲ ಹೆರಿಗೆಗೆಂದು ಹುಕ್ಕೇರಿಯ ಗಂಡನ ಮನೆಯಿಂದ ಮೂಡಲಗಿಗೆ ಬಂದ ಮಗಳು. ಬಾಣಂತಿ ನೀರು ಕುಡಿದರೆ ಮೈಗೆ ಥಂಡಿ ಹಿಡಿಯುತ್ತದೆ, ಕೂಸಿಗೆ ನೆಗಡಿಯಾಗುತ್ತದೆ ಎಂಬುದು ಆ ಮನೆಯಲ್ಲಿ ಯಾರೂ ಪ್ರಶ್ನಿಸದ ಮಾತು. ಕಾಯಿಸಿದ ನೀರು, ಅದೂ ಎರಡೇ ಗುಟುಕು. ತುಪ್ಪ, ಅಂಟಿನುಂಡೆ, ಹೊರಸಿನ ಕೆಳಗಿನ ಕೆಂಡದ ಕಾವು, ಇವಕ್ಕೆಲ್ಲ ಲೆಕ್ಕವಿರಲಿಲ್ಲ. ನೀರೊಂದನ್ನು ಬಿಟ್ಟರೆ ಸೀತಾಬಾಯಿ ಯಾವುದರಲ್ಲೂ ಜಿಪುಣಿಯಲ್ಲ.

ತ್ರಿಶಲಾಳ ತಲೆ ಸಿಡಿಯುತ್ತಿತ್ತು. ಲೋಬಾನದ ಹೊಗೆಯಲ್ಲಿ ಕಣ್ಣು ಮುಚ್ಚಿದರೆ ಸಾಕು, ಗೋಕಾಕ ಫಾಲ್ಸ್. ಅಪ್ಪ ಬಾಪುಸಾಹೇಬನ ಕೈ ಹಿಡಿದು ತೂಗುಸೇತುವೆಯ ಮೇಲೆ ನಿಂತಿದ್ದಾಳೆ, ಸಣ್ಣ ಹುಡುಗಿ. ಘಟಪ್ರಭೆ ಕೆಂಪಗೆ ಧುಮುಕುತ್ತಿದೆ. ತುಂತುರು ತುಟಿಯ ತನಕ ಬರುತ್ತದೆ, ನಾಲಿಗೆ ಚಾಚಿದರೆ ಇಲ್ಲವಾಗುತ್ತದೆ. ಅಪ್ಪ ಏನೋ ಹೇಳುತ್ತಾನೆ, ಕೇಳಿಸುವುದಿಲ್ಲ. ಇಡೀ ಹೊಳೆಯೇ ಸದ್ದಿಲ್ಲದೆ ಬೀಳುತ್ತಿದೆ. ಆ ಕನಸಿನಿಂದ ಎದ್ದು ಬರಲು ಅವಳಿಗೆ ಮನಸ್ಸೇ ಇರಲಿಲ್ಲ.

ಎಚ್ಚರವಾದಾಗ ಕೂಸು ಅಳುತ್ತಿತ್ತು. ಅದರತ್ತ ಚಾಚಬೇಕಿದ್ದ ಬಲಗೈ ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ಅವ್ವನನ್ನು ಕರೆಯಹೋದರೆ ಬಾಯಿಂದ ಬಂದದ್ದು ಮಾತಲ್ಲ. ನೆರೆಮನೆಯ ಹಣಮವ್ವ ಗಾಳಿ ಸೋಕಿದೆ ಎಂದು ನಿಂಬೆಹಣ್ಣು ತರುವಷ್ಟರಲ್ಲಿ ಬಾಪುಸಾಹೇಬ ಜೀಪು ತಂದಿದ್ದ.

ಬೆಳಗಾವಿಯ ಡಾಕ್ಟರು ಸ್ಕ್ಯಾನ್ ನೋಡಿ, ಮಿದುಳಿನಿಂದ ರಕ್ತ ಮರಳುವ ನಾಳದಲ್ಲೇ ಅದು ಹೆಪ್ಪುಗಟ್ಟಿದೆ ಎಂದರು. ಬಾಣಂತಿಯನ್ನು ನೀರಿಲ್ಲದೆ ಒಣಗಿಸಿದಿರಾ ಎಂದು ಗದರಿದರು. ಸೀತಾಬಾಯಿ ತಲೆ ಎತ್ತಲಿಲ್ಲ. ತ್ರಿಶಲಾ ಬದುಕಿಕೊಂಡಳು. ಕೈ ನಿಧಾನವಾಗಿ ಮರಳಿತು, ಮಾತು ಅದಕ್ಕಿಂತ ನಿಧಾನ.

ಮನೆಗೆ ಮರಳಿದ ಮೇಲೆ ಸೀತಾಬಾಯಿ ಬಸದಿಗೆ ಹೋಗಿ ನೇಮ ಹಿಡಿದಳು. ಮಗಳ ಮಾತು ಪೂರ್ತಿ ಬರುವ ತನಕ ತನಗೆ ದಿನಕ್ಕೊಮ್ಮೆ, ಊಟದ ಜೊತೆ ಮಾತ್ರ ನೀರು. ಕಾರಣ ಯಾರಿಗೂ ಹೇಳಲಿಲ್ಲ. ಜೈನರ ಮನೆಯಲ್ಲಿ ವ್ರತಕ್ಕೆ ಕಾರಣ ಕೇಳುವವರಾದರೂ ಯಾರು? ಬೇಸಿಗೆಯಲ್ಲೂ ಬಿರಿದ ತುಟಿಯಲ್ಲೇ ಓಡಾಡಿದಳು. ಶುದ್ಧ ಮೊಂಡುತನ ಅದು, ಆದರೂ ನೋಡಿದರೆ ಕರುಳು ಚುರುಕ್ ಎನ್ನುತ್ತಿತ್ತು.

ಮರುವರ್ಷ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು. ರಕ್ತ ಹೆಪ್ಪುಗಟ್ಟದಂತೆ ಕಾಯುವ ಒಂದು ಅಂಶ ತ್ರಿಶಲಾಳಲ್ಲಿ ಹುಟ್ಟಿನಿಂದಲೇ ಕಡಿಮೆ. ತಂದೆತಾಯಿಯ ರಕ್ತವನ್ನೂ ನೋಡಿದರು. ಸೀತಾಬಾಯಿಯದೂ ಹಾಗೆಯೇ ಇತ್ತು. ನೀರಿನ ಕೊರತೆ, ಬಾಣಂತನ ಅದನ್ನು ಕೆರಳಿಸಿದ್ದು ನಿಜ, ಬೇರು ಮಾತ್ರ ರಕ್ತದಲ್ಲೇ ಇತ್ತು ಎಂದರು ಡಾಕ್ಟರು. ಆಮೇಲೆ ಸೀತಾಬಾಯಿಯ ತುಟಿ ನೋಡಿ ಹೇಳಿದರು: "ನೀವೂ ನೀರ ಬಿಡಬ್ಯಾಡ್ರಿ. ನಿಮಗೂ ಹಿಂಗ ಆದೀತು."

ಮನೆಗೆ ಬಂದ ಸೀತಾಬಾಯಿ ಬಾಣಂತಿ ಕೋಣೆಯ ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

"ನಮ್ಮ ಅಕ್ಕಾನೂ ಬಾಣಂತನದಾಗ ಹಿಂಗ ಹೋದಳು, ತ್ರಿಶಲಾ. ನೀರ ನೀರ ಅಂತಿದ್ದಳು. ದೆವ್ವ ಬಡದೈತಿ ಅಂದ್ರು. ನಾ ಬಾಜೂಕ ಕುಂತು ನೋಡಿದ್ದೆ."

ತ್ರಿಶಲಾ ಒಳಗೆ ಹೋಗಿ ತಂಬಿಗೆ ತುಂಬಿಕೊಂಡು ಬಂದಳು, ಬಲಗೈಯಲ್ಲೇ. ಪೂರ್ತಿ ಬಲ ಬಾರದ ಕೈಯಿಂದ ನೀರು ನೆಲಕ್ಕೆ ಚೆಲ್ಲುತ್ತಿತ್ತು.

"ಕುಡಿ."

"ನಿನ್ನ ಮಾತ ಪೂರ್ತಿ ಬರೂತನಕ ನಂದ ನೇಮ ಐತಿ," ಎಂದಳು ಸೀತಾಬಾಯಿ.

"ಬಂ... ಬಂದೈತಿ, ಅವ್ವ."

ಸೀತಾಬಾಯಿ ಮಗಳ ಮುಖವನ್ನೇ ನೋಡಿದಳು. ಆಮೇಲೆ ತಂಬಿಗೆಗೆ ಬಾಯಿ ಕೊಟ್ಟಳು. ಎರಡು ಗುಟುಕು ಕುಡಿದು ನಿಲ್ಲಿಸಿದಳು. ಮಗಳ ಕೈಯ ತಂಬಿಗೆ ಹಿಂದೆ ಸರಿಯಲಿಲ್ಲ.

"ಇನ್ನೊಂದ ಗುಟುಕ," ಎಂದಳು ತ್ರಿಶಲಾ.

ಮಧ್ಯಾಹ್ನದ ಬಿಸಿಲು ಹೊಸ್ತಿಲ ತನಕ ಬಂದಿತ್ತು. ಅವ್ವನ ಗಂಟಲಲ್ಲಿ ನೀರಿಳಿಯುವ ಸದ್ದು ಕೋಣೆಯಲ್ಲೆಲ್ಲ ಕೇಳಿಸುತ್ತಿತ್ತು.