ತಂಗಿ ತೆಗೆದುಕೊಂಡ ಪೀರಿಯಡ್ಡು

ಶುಕ್ರವಾರ ಬೆಳಗ್ಗೆ ಹತ್ತೂಕಾಲಿಗೆ ಏಳನೇ ತರಗತಿಯ ಗಣಿತದ ಪೀರಿಯಡ್ಡನ್ನು ಅಕ್ಕ ತಂಗಿಗೆ ಬಿಟ್ಟುಕೊಟ್ಟಳು. ಹೆಡ್ ಮಿಸ್ ಬಿಡಿಸಿಕೊಟ್ಟರು ಎನ್ನುವುದೇ ಸರಿ.

ಇಬ್ಬರೂ ಗಣಿತದ ಟೀಚರುಗಳು. ಅಕ್ಕ ಈ ಶಾಲೆಗೆ ಸೇರಿ ಹದಿನೆಂಟು ವರ್ಷವಾಗಿತ್ತು. ತಂಗಿ ಮದುವೆಯಾಗಿ ಬೇರೆ ದೇಶಕ್ಕೆ ಹೋದವಳು, ಅಲ್ಲಿನ ಭಾಷೆ ಕಲಿತು ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಕೆಲಸ ಹಿಡಿದಿದ್ದಳು. ರಜೆಗೆ ಬಂದಿದ್ದವಳು ಭಾನುವಾರ ವಾಪಸು ಹೊರಡುವವಳಿದ್ದಳು. ಅಕ್ಕನ ಮಗಳು ಒಪ್ಪಿದರೆ ಅವಳನ್ನೂ ಕರೆದೊಯ್ದು ತನ್ನ ಮನೆಯಲ್ಲಿಟ್ಟುಕೊಂಡು ಓದಿಸುವ ಮಾತಾಗಿತ್ತು. ಟಿಕೆಟ್ಟು, ಕಾಗದಪತ್ರಗಳೆಲ್ಲ ಸಿದ್ಧವಾಗಿದ್ದವು. ಮಗಳು ಹೇಗೂ ಹೋಗುವುದಿಲ್ಲ ಎಂಬ ಧೈರ್ಯದಲ್ಲಿ ಅಕ್ಕ ಅವಕ್ಕೆ ಸಹಿ ಹಾಕಿದ್ದಳು. ಹುಡುಗಿಯ ಅಪ್ಪ ‘ಮಗಳ ಇಷ್ಟ’ ಎಂದು ಕೈ ತೊಳೆದುಕೊಂಡಿದ್ದ. ಮಗಳು ಇನ್ನೂ ಹ್ಞೂಂ ಎಂದಿರಲಿಲ್ಲ, ಉಹ್ಞೂಂ ಎಂದಿರಲಿಲ್ಲ. ಅವಳು ಅದೇ ಏಳನೇ ತರಗತಿಯ ಮೊದಲ ಬೆಂಚಿನವಳು.

ಹಿಂದಿನ ದಿನ ತಂಗಿ ಸ್ಟಾಫ್ ರೂಮಿಗೆ ಬಂದಾಗ ಎಲ್ಲರೂ ಮುತ್ತಿಕೊಂಡಿದ್ದರು.

“ನಿಮ್ಮ ಕ್ಲಾಸಲ್ಲಿ ಎಷ್ಟು ಮಕ್ಕಳು?” ಎಂದು ಡ್ರಿಲ್ ಮಾಸ್ತರು ಕೇಳಿದರು.

“ಇಪ್ಪತ್ತು. ಸಹಾಯಕ್ಕೆ ಇನ್ನೊಬ್ಬ ಟೀಚರ್ ಇರ್ತಾರೆ.”

“ಇಪ್ಪತ್ತಾ! ನಮ್ಮ ಕ್ಲಾಸಲ್ಲಿ ಕೆಮ್ಮೋರೇ ಇಪ್ಪತ್ತು ಜನ.”

“ಹದಿಮೂರು ವರ್ಷ ಆಗೋವರೆಗೂ ಅಂಕ ಕೊಡಲ್ಲ ನಾವು.”

“ಅಯ್ಯೋ, ಮತ್ತೆ ಅಪ್ಪ-ಅಮ್ಮ ಜಗಳ ಆಡೋಕೆ ಏನ್ಮಾಡ್ತಾರೆ?”

ಎಲ್ಲರೂ ನಕ್ಕರು. “ದೂರದ ಬೆಟ್ಟ ನುಣ್ಣಗೆ” ಎಂದಳು ಅಕ್ಕ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚಹಾ ಬಂದಾಗ ಮೊದಲ ಲೋಟ ತಂಗಿಯ ಕೈಗೆ ಹೋಯಿತು. ಚಿಕ್ಕಂದಿನಲ್ಲಿ ಭಾಗಾಕಾರ ಬಾರದೆ ಅಳುತ್ತಿದ್ದ ಇವಳ ಕಿವಿ ಹಿಂಡಿ ಮಗ್ಗಿ ಬಾಯಿಪಾಠ ಮಾಡಿಸಿದ್ದು ಅಕ್ಕ. ಈಗ ಇವಳ ಮಾತಿಗೆ ಇಡೀ ಸ್ಟಾಫ್ ರೂಮೇ ಕಿವಿಯಾಗಿತ್ತು. ಅಕ್ಕನ ಹೊಟ್ಟೆ ಉರಿಯಿತು. “ನಾಳೆ ಒಂದು ಪೀರಿಯಡ್ ತೊಗೊಳ್ಳಿ, ನಾವೂ ನೋಡ್ತೀವಿ” ಎಂದು ಹೆಡ್ ಮಿಸ್ ಹೇಳಿದ್ದು ಆಗಲೇ.

ಅಕ್ಕನ ತರಗತಿಗೆ ಒಂದು ನಿಯಮವಿತ್ತು. ಉತ್ತರ ತಪ್ಪಿದವರು ಎದ್ದು ನಿಲ್ಲಬೇಕು. ಮುಂದೆ ಇನ್ನೊಬ್ಬರು ತಪ್ಪಿದ ಮೇಲೆ ಇವರು ಕೂರಬಹುದು. ಸರಿ ಉತ್ತರವನ್ನು ಕೂತೇ ಹೇಳಬೇಕು. ಅತಿ ಹೆಚ್ಚು ಹೊತ್ತು ನಿಲ್ಲುತ್ತಿದ್ದ ಎತ್ತರದ ಹುಡುಗಿಯೊಬ್ಬಳನ್ನು ಮಕ್ಕಳು ‘ಕಂಬ’ ಎಂದೇ ಕರೆಯುತ್ತಿದ್ದರು. ತಂಗಿಗೆ ಇದು ಗೊತ್ತಿರಲಿಲ್ಲ. ಅಕ್ಕ ಹೇಳಲೂ ಇಲ್ಲ.

ತಂಗಿ ಬೋರ್ಡಿನ ಮೇಲೆ ಅರ್ಧ ಕೂಡಿಸು ಮೂರರಲ್ಲಿ ಒಂದು ಎಂದು ಬರೆದು, “ಉತ್ತರ ಸಿಕ್ಕಿದವರು ಎದ್ದು ನಿಂತ್ಕೊಳ್ಳಿ” ಎಂದಳು.

ಪೆನ್ಸಿಲುಗಳು ಓಡಿದವು, ನಿಂತವು. ಮಕ್ಕಳು ಮಾತ್ರ ಬೆಂಚಿಗೆ ಅಂಟಿಕೊಂಡಿದ್ದರು. ಕೊನೆಯ ಬೆಂಚಿನಲ್ಲಿ ಹೆಡ್ ಮಿಸ್ ಪಕ್ಕ ಕೂತಿದ್ದ ಅಕ್ಕನಿಗೆ ಕಾರಣ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಕೊನೆಗೆ ನಾಲ್ವರು ತಲೆ ತಗ್ಗಿಸಿಕೊಂಡು ಎದ್ದರು. ಅವರಲ್ಲಿ ಕಂಬವೂ ಇದ್ದಳು. ಉಳಿದವರು ಕಿಸಕ್ಕೆಂದರು.

“ಬರೀ ನಾಲ್ಕು ಜನಾನಾ?” ಎಂದು ಹೆಡ್ ಮಿಸ್ ಪಿಸುಗುಟ್ಟಿದರು.

“ಅವಳ ಪಾಠ ಅರ್ಥ ಆಗಿಲ್ಲವೇನೋ ಮೇಡಂ” ಎಂದಳು ಅಕ್ಕ. ಹೊಟ್ಟೆ ತಣ್ಣಗಾಯಿತು. ಇನ್ನು ಮಗಳು ಎಲ್ಲಿಗೂ ಹೋಗುವುದಿಲ್ಲ.

ತಂಗಿ ಕಂಬದ ಹತ್ತಿರ ಬಂದಳು. “ಹೇಳಮ್ಮ, ಹೇಗೆ ಮಾಡಿದೆ?”

“ನಂದು ತಪ್ಪು ಮಿಸ್.”

“ಸರಿಯೋ ತಪ್ಪೋ ಅಂತ ಕೇಳಲಿಲ್ಲ. ಹೇಗೆ ಮಾಡಿದೆ ಅಂದೆ.”

“ಮೇಲಿಂದಕ್ಕೆ ಮೇಲಿಂದು, ಕೆಳಗಿಂದಕ್ಕೆ ಕೆಳಗಿಂದು ಕೂಡಿಸಿದೆ. ಐದರಲ್ಲಿ ಎರಡು ಬಂತು.”

“ಅರ್ಧ ದೊಡ್ಡದಾ, ಐದರಲ್ಲಿ ಎರಡು ದೊಡ್ಡದಾ?”

ಹುಡುಗಿ ಬೆರಳುಗಳನ್ನು ನೋಡಿಕೊಂಡು, “ಅರ್ಧ” ಎಂದಳು.

“ಅರ್ಧಕ್ಕೆ ಇನ್ನಷ್ಟು ಸೇರಿಸಿದ್ವಿ, ಕಡಿಮೆ ಆಯ್ತಲ್ಲ?”

“ಹೌದಲ್ವಾ! ಯಾರೋ ಕದ್ದಿದ್ದಾರೆ ಮಿಸ್!”

ತರಗತಿ ಘೊಳ್ಳೆಂದಿತು. ಕಂಬವೂ ನಕ್ಕಳು. ಅವಳು ನಕ್ಕಿದ್ದನ್ನು ಅಕ್ಕ ನೋಡಿದ್ದು ಅದೇ ಮೊದಲು. ತಂಗಿ ಒಂದು ಹಾಳೆಯನ್ನು ಆರು ಸಮ ಭಾಗವಾಗಿ ಮಡಿಸಿ ಕೊಟ್ಟಳು. ನಿಂತಿದ್ದ ನಾಲ್ವರೂ ಎಣಿಸಿ, ಮೂರು ಭಾಗಕ್ಕೆ ಎರಡು ಸೇರಿಸಿ, ಆರರಲ್ಲಿ ಐದು ಎಂದು ತಾವೇ ಕಂಡುಕೊಂಡರು. “ಚೆನ್ನಾಗಿದೆ ಕಣ್ರೀ” ಎಂದರು ಹೆಡ್ ಮಿಸ್.

“ಕೂತಿರೋ ನಿಮಗ್ಯಾರಿಗೂ ಬರಲಿಲ್ವಾ?” ಎಂದು ತಂಗಿ ಕೇಳಿದಳು.

ಮೊದಲ ಬೆಂಚಿನಿಂದ ಮಗಳು ಹೇಳಿದಳು: “ಬಂದಿದೆ ಚಿಕ್ಕಮ್ಮ. ಇಲ್ಲಿ ತಪ್ಪು ಮಾಡಿದವರು ಮಾತ್ರ ನಿಲ್ಲೋದು. ಅಮ್ಮ ನಿಂಗೆ ಹೇಳಲಿಲ್ವಾ?”

ಹೆಡ್ ಮಿಸ್ ತಿರುಗಿ ನೋಡಿದರು. “ಮರೆತೆ” ಎಂದಳು ಅಕ್ಕ.

ಸಂಜೆ ಅಕ್ಕ ಪಾತ್ರೆ ತೊಳೆಯುತ್ತಿದ್ದಳು, ಮಗಳು ಒರೆಸಿ ಜೋಡಿಸುತ್ತಿದ್ದಳು. ತಂಗಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, “ನೀನು ಮರೆತಿರಲಿಲ್ಲ ಅಕ್ಕ” ಎಂದಳು.

“ನಿನಗೆ ನಿನ್ನ ಇಪ್ಪತ್ತು ಮಕ್ಕಳು ಸಾಲದೇನೇ? ನನ್ನವರೂ ಬೇಕಾ?”

“ಅಲ್ಲೇನು ಸ್ವರ್ಗ ಇಟ್ಟಿಲ್ಲ. ಹದಿನೈದು ವರ್ಷಕ್ಕೆ ಮಕ್ಕಳನ್ನ ಎರಡು ಪಾಲು ಮಾಡ್ತೀವಿ. ಇವರು ಕಾಲೇಜಿಗೆ, ಇವರು ಕೈಕೆಲಸ ಕಲಿಯೋಕೆ. ಕ್ಲಾಸಲ್ಲಿ ಯಾರನ್ನೂ ನಿಲ್ಲಿಸಲ್ಲ ನಾನು. ಆಮೇಲೆ ನಾನೇ ಶಿಫಾರಸು ಬರೆದು ಲೆಕ್ಕ ಬಾರದವರನ್ನ ಕೈಕೆಲಸದ ಕಡೆ ಕಳಿಸ್ತೀನಿ.”

“ಕೇಳಿಸ್ಕೊಂಡ್ಯಾ?” ಅಕ್ಕ ಮಗಳ ಕಡೆ ತಿರುಗಿದಳು. “ಇನ್ನೂ ಹೋಗ್ತೀಯಾ?”

“ಹೋಗ್ತೀನಮ್ಮ.”

“ಅವಳು ನನಗಿಂತ ಚೆನ್ನಾಗಿ ಪಾಠ ಮಾಡ್ತಾಳೆ, ಅದಕ್ಕೇ ತಾನೆ?”

“ಅದಕ್ಕಲ್ಲ. ನಂಗೆ ಲೆಕ್ಕ ಬರೋದು ನಿನ್ನಿಂದಲೇ.” ಮಗಳು ತಟ್ಟೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. “ಚಿಕ್ಕಮ್ಮ ನಿಂತ್ಕೊಳ್ಳಿ ಅಂದಾಗ ಯಾರೂ ನಿಲ್ಲಲಿಲ್ಲವಲ್ಲ, ಆಗ ಹಿಂದೆ ತಿರುಗಿ ನೋಡಿದೆ. ನಿನ್ನ ಮುಖದಲ್ಲಿ ಅಷ್ಟು ಖುಷಿ ನಾನು ಯಾವತ್ತೂ ನೋಡಿರಲಿಲ್ಲ.”

ಅಕ್ಕ ನಲ್ಲಿ ಜೋರು ಮಾಡಿದಳು.

ಭಾನುವಾರ ಹುಡುಗಿ ಚಿಕ್ಕಮ್ಮನ ಜೊತೆ ಹೊರಟಳು. ಅಲ್ಲಿನ ಶಾಲೆಯಲ್ಲಿ, ಭಾಷೆ ಬಾರದ ಕಾರಣಕ್ಕೆ, ಅವಳನ್ನು ಒಂದು ತರಗತಿ ಕೆಳಗೆ ಕೂರಿಸಿದರು. ಸುದ್ದಿ ಬಂದ ದಿನವೇ ಅಕ್ಕ ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದಳು.